ಶಬ್ದವೇಧಿಯಿಂದ ಶಾಖವೇಧಿಗೆ

ದಶರಥನ ಶಬ್ದವೇಧಿಯ ಕತೆ ನಮಗೆಲ್ಲ ಗೊತ್ತಿರುವುದೇ. ಆನೆ ನೀರು ಕುಡಿಯುತ್ತಿದೆಯೆಂದು ಬಗೆದು, ಕತ್ತಲಲ್ಲಿ ಸದ್ದಿಗೆ ಗುರಿಯಿಟ್ಟು ಬಿಟ್ಟ ಬಾಣ ಕುರುಡು ತಂದೆತಾಯಿಯರ ಮಗನಿಗೆ ತಾಗಿತು. ಇಪ್ಪತ್ತನೆಯ ಶತಮಾನದಲ್ಲಿ ಸದ್ದಿನ ಬದಲು ಬಿಸಿಯನ್ನು ಅರಸಿ ಹೋಗುವ ಬಾಣ ಹುಟ್ಟಿತು. ಒಬ್ಬನೇ ಮನುಷ್ಯ ಹೆಗಲ ಮೇಲಿಟ್ಟು ಹಾರಿಸಬಹುದಾದ ವಿಮಾನ ನಿರೋಧಕ ಕ್ಷಿಪಣಿಯ ಬಲಾಬಲವನ್ನು ಈ ಬಾರಿ ನೋಡೋಣ.

1960ರ ದಶಕದ ಕೊನೆಗೆ ಅಮೆರಿಕದ ‘ರೆಡ್‌ಐ’ ಮತ್ತು ಸೋವಿಯತ್ ಒಕ್ಕೂಟದ ‘ಸ್ಟ್ರೆಲಾ-2’ ಸೈನ್ಯಕ್ಕೆ ಸೇರಿದವು. ರಷ್ಯನ್ ಭಾಷೆಯಲ್ಲಿ ಸ್ಟ್ರೆಲಾ ಎಂದರೆ ಬಾಣವೆಂದೇ ಅರ್ಥ. ಎರಡಕ್ಕೂ ಒಂದೇ ಕೊರತೆ: ಜೆಟ್ ಎಂಜಿನ್ನಿನ ಹಿಂಬದಿಯ ಬಿಸಿ ಮಾತ್ರ ಅವುಗಳ ಕಣ್ಣಿಗೆ ಬೀಳುತ್ತಿತ್ತು. ಅಂದರೆ ವಿಮಾನ ಬಾಂಬು ಹಾಕಿ ಬೆನ್ನು ತಿರುಗಿಸಿದ ಮೇಲಷ್ಟೇ ಗುರಿಯಿಡಲು ಸಾಧ್ಯ. ಸೂರ್ಯನ ದಿಕ್ಕಿಗೆ ಹಾರಿಸಿದರಂತೂ ಸ್ಟ್ರೆಲಾ ಬಾಲ ಹನುಮನಂತೆ ಸೂರ್ಯನತ್ತಲೇ ಹೊರಟುಬಿಡುವ ಭಯ. ಆದರೂ 1972ರಲ್ಲಿ ವಿಯೆಟ್ನಾಮಿನಲ್ಲಿ ಅದು ನಿಧಾನಗತಿಯ ವಿಮಾನ, ಹೆಲಿಕಾಪ್ಟರುಗಳನ್ನು ಉರುಳಿಸಿತು.

ಬ್ರಿಟಿಷರ ‘ಬ್ಲೋಪೈಪ್’ ಬಿಸಿಯ ಗೊಡವೆಗೇ ಹೋಗಲಿಲ್ಲ. ಹಾರಿಸಿದವನೇ ಹೆಬ್ಬೆರಳಿನಿಂದ ಸಣ್ಣ ಹಿಡಿಕೆಯೊಂದನ್ನು ಆಡಿಸುತ್ತ, ರೇಡಿಯೋ ಮೂಲಕ ಕ್ಷಿಪಣಿಯನ್ನು ಗುರಿಯವರೆಗೂ ನಡೆಸಬೇಕು. ಎದುರಿನಿಂದ ಬರುವ ವಿಮಾನಕ್ಕೂ ಹೊಡೆಯಬಹುದು, ಬೆಂಕಿಯುಂಡೆ ಉಗುಳಿ ಅದನ್ನು ದಾರಿ ತಪ್ಪಿಸಲೂ ಆಗದು. ಕಾಗದದ ಮೇಲೆ ಸೊಗಸಾದ ಲೆಕ್ಕ! ಆದರೆ ಗುಂಡಿನ ಮಳೆಯ ನಡುವೆ ಬಯಲಲ್ಲಿ ನಿಂತವನ ಹೆಬ್ಬೆರಳು ನಡುಗದಿರಬೇಕಲ್ಲ? 1982ರ ಫಾಕ್ಲಂಡ್ಸ್ ಯುದ್ಧದಲ್ಲಿ ಎರಡೂ ಕಡೆಯವರು ಅದನ್ನು ಬಳಸಿದರು. ಹಾರಿಸಿದ್ದು ಬಹಳ, ತಾಗಿದ್ದು ತೀರಾ ಕಡಿಮೆ.

ಅಮೆರಿಕದ ‘ಸ್ಟಿಂಗರ್’ ಈ ಎರಡೂ ತೊಡಕುಗಳಿಗೆ ಉತ್ತರವಾಗಿತ್ತು. ತಂಪುಗೊಳಿಸಿದ ಅದರ ಕಣ್ಣು ಸೂಕ್ಷ್ಮವಾಗಿದ್ದು ಎದುರಿನಿಂದಲೂ ಗುರಿ ಹಿಡಿಯಬಲ್ಲದು, ಹಾರಿಸಿದ ಮೇಲೆ ಸೈನಿಕ ಅಡಗಿಕೊಳ್ಳಬಹುದು. ತೂಕ ಸುಮಾರು 15 ಕಿಲೋ, ವ್ಯಾಪ್ತಿ ನಾಲ್ಕು ಕಿಲೋಮೀಟರಿಗೂ ಮಿಗಿಲು. ಅಫ್ಘಾನಿಸ್ತಾನದ ಮುಜಾಹಿದೀನರಿಗೆ ಸಿಐಎ ಮೊದಲು ಒದಗಿಸಿದ್ದ ಬ್ಲೋಪೈಪ್ ಅಲ್ಲೂ ಸೋತಿತ್ತು. 1986ರ ಸೆಪ್ಟೆಂಬರ್ 25ರಂದು ಜಲಾಲಾಬಾದಿನ ಬಳಿ ಅವರು ಸ್ಟಿಂಗರ್‌ನಿಂದ ಮೂರು ಸೋವಿಯತ್ ಹೆಲಿಕಾಪ್ಟರುಗಳನ್ನು ಕೆಡವಿದರು.

ಇಲ್ಲಿಂದ ಒಂದು ದಂತಕತೆ ಬೆಳೆಯಿತು: ಸ್ಟಿಂಗರ್ ಒಂದು ಮಹಾಶಕ್ತಿಯನ್ನೇ ಸೋಲಿಸಿತೆಂದು. ನಾವು ಇದನ್ನು ಹಾಗೆಯೇ ಒಪ್ಪಲಾರೆವು. ಅಫ್ಘಾನಿಸ್ತಾನ ರಕ್ತ ಸುರಿಯುತ್ತಿರುವ ಗಾಯವೆಂದು ಗೋರ್ಬಚೇವ್ ಹೇಳಿದ್ದು 1986ರ ಫೆಬ್ರವರಿಯಲ್ಲಿ, ಜಲಾಲಾಬಾದಿಗೂ ಏಳು ತಿಂಗಳು ಮೊದಲು. ಸೋವಿಯತ್ ಪೈಲಟ್ಟುಗಳೂ ಬೆಂಕಿಯುಂಡೆ ಉಗುಳಿ, ಎಂಜಿನ್ನಿನ ಬಿಸಿ ಮರೆಮಾಡಿ, ಎತ್ತರಕ್ಕೇರಿ ಹಾರುವುದನ್ನು ರೂಢಿಸಿಕೊಂಡರು. ಎತ್ತರಕ್ಕೇರಿದಷ್ಟೂ ಅವರ ಗುರಿ ತಪ್ಪುತ್ತಿತ್ತೆಂಬುದೂ ನಿಜ. ತಾಗದ ಕ್ಷಿಪಣಿಯೂ ಹೀಗೆ ತನ್ನ ಕೆಲಸ ಮಾಡಿತ್ತು.

ಯುದ್ಧ ಮುಗಿದ ಮೇಲೆ, 1990ರ ದಶಕದಲ್ಲಿ, ಅಮೆರಿಕ ತಾನೇ ಹಂಚಿದ ಸ್ಟಿಂಗರ್‌ಗಳನ್ನು ದುಡ್ಡು ಕೊಟ್ಟು ಮರಳಿ ಕೊಳ್ಳಬೇಕಾಯಿತು. ಎಲ್ಲವೂ ಮರಳಲಿಲ್ಲ.

ನಮ್ಮವರಿಗೆ ಇದರ ಬಿಸಿ ತಟ್ಟಿದ್ದು ಕಾರ್ಗಿಲ್‌ನಲ್ಲಿ. 1999ರ ಮೇ 28ರಂದು ತೋಲೋಲಿಂಗ್ ಬಳಿ ವಾಯುಪಡೆಯ ಮಿ-17 ಹೆಲಿಕಾಪ್ಟರು ಹೆಗಲ ಕ್ಷಿಪಣಿಗೆ ಬಲಿಯಾಗಿ ನಾಲ್ವರು ಯೋಧರು ತೀರಿಕೊಂಡರು. ಕ್ಷಿಪಣಿಯನ್ನು ವಂಚಿಸುವ ಬೆಂಕಿಯುಂಡೆಗಳ ರಕ್ಷಣೆ ಅದಕ್ಕಿರಲಿಲ್ಲ. ಕ್ಷಿಪಣಿಯ ಎತ್ತರವನ್ನು ಅಳೆಯುವುದು ಹೆಗಲಿನಿಂದ, ಸಮುದ್ರಮಟ್ಟದಿಂದಲ್ಲ. ಶಿಖರದಲ್ಲಿ ಕೂತವನಿಗೆ ಸಾವಿರಾರು ಅಡಿ ಪುಕ್ಕಟೆ ಸಿಕ್ಕಂತೆ. ಆಮೇಲೆ ದಾಳಿಯ ಕೆಲಸದಿಂದ ಮಿ-17ಗಳನ್ನು ಹಿಂದೆಗೆದು, ಕ್ಷಿಪಣಿಗೆ ಎಟುಕದ ಎತ್ತರದಿಂದ ವಿಮಾನಗಳು ಬಾಂಬು ಹಾಕಿದವು.

2002ರ ನವೆಂಬರ್ 28ರಂದು ಕೀನ್ಯಾದ ಮೊಂಬಾಸಾದಲ್ಲಿ, ಇಸ್ರೇಲಿನ ಪ್ರಯಾಣಿಕ ವಿಮಾನವೊಂದರತ್ತ ಎರಡು ಸ್ಟ್ರೆಲಾ ಹಾರಿದವು. ಒಳಗೆ 250ಕ್ಕೂ ಹೆಚ್ಚು ಜನ. ಎರಡೂ ಗುರಿ ತಪ್ಪಿದವು. ಅತ್ಯಂತ ಹಳೆಯ, ಅತ್ಯಂತ ದುರ್ಬಲ ಮಾದರಿಯೆಂದು ತಜ್ಞರು ಬದಿಗಿಡುವ ಕ್ಷಿಪಣಿಯೇ ಅದು. ಆದರೆ ರಜೆ ಮುಗಿಸಿ ಮಕ್ಕಳೊಂದಿಗೆ ಊರಿಗೆ ಹೊರಟವರಿಗೆ ಆ ದೌರ್ಬಲ್ಯದಿಂದ ಏನು ಸಮಾಧಾನ?

ಕಿಲೋ, ಕಿಲೋಮೀಟರುಗಳ ಪಟ್ಟಿಯಲ್ಲಿ ಆಯುಧದ ಬಲ ತಿಳಿಯುತ್ತದೆ. ಮುಂದೆ ಅದು ಯಾರ ಹೆಗಲೇರುತ್ತದೆಂಬುದು ತಿಳಿಯುವುದಿಲ್ಲ. ದಶರಥನಾದರೂ ಕೂಗು ಕೇಳಿ ಹೊಳೆಯ ದಡಕ್ಕೆ ಓಡಿದ, ತನ್ನ ಬಾಣ ಯಾರಿಗೆ ತಾಗಿತೆಂದು ಕಂಡ. ಈ ಬಾಣಗಳನ್ನು ಹಂಚಿದವರು ಅಷ್ಟು ದೂರ ಹೋಗಿ ನೋಡಿದ್ದು ಅಪರೂಪ.