ಗೋಟು ಅಂದ್ರೆ ಅಡಿಕೆ

ನಮ್ಮೂರು ಭೀಮಸಮುದ್ರದಲ್ಲಿ ಗೋಟು ಅಂದ್ರೆ ಅಡಿಕೆ. ರಾಶಿ, ಅಪಿ, ಬೆಟ್ಟೆ, ಕೆಂಪುಗೋಟು ಅಂತ ಪೇಟೆಯ ರೇಟು ಕೇಳ್ಕೊಂಡೇ ಬೆಳೆದವರು ನಾವು. ಹಾಗಾಗಿ 2001ರ ಬೇಸಿಗೆ ರಜೆಯಲ್ಲಿ, ಚಿತ್ರದುರ್ಗದ ಒಂದು ಸಣ್ಣ ಕಂಪ್ಯೂಟರ್ ಸೆಂಟರಿನಲ್ಲಿ ಸರ್ ಬೋರ್ಡಿನ ಮೇಲೆ 'ಗೋಟು 40' ಅಂತ ಬರೆದು ಓದಿದಾಗ, ಪಕ್ಕದಲ್ಲಿದ್ದ ನನ್ನ ಗೆಳೆಯ ಮೆಲ್ಲಗೆ, "ಕೇಜಿಗಾ, ಮೂಟೆಗಾ ಕೇಳಲೇ" ಅಂದ. ಇಬ್ಬರೂ ನಕ್ಕು ಆವತ್ತು ಅರ್ಧ ಗಂಟೆ ಬಾಗಿಲ ಹೊರಗೆ ನಿಂತ್ವಿ.

ಆ ಬೋರ್ಡಿನ ಗೋಟು ಬೇಸಿಕ್ ಭಾಷೆಯದ್ದು. 40ನೇ ಸಾಲಿಗೆ ಹೋಗು ಅಂತ ಕಂಪ್ಯೂಟರಿಗೆ ಕೊಡುವ ಅಪ್ಪಣೆ.

ಈ ಭಾಷೆ ಹುಟ್ಟಿದ್ದು 1964ರ ಮೇ 1ರ ಬೆಳಗಿನ ಜಾವ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ. ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಅನ್ನೋ ಇಬ್ಬರು ಗಣಿತದ ಮೇಷ್ಟ್ರುಗಳ ಕೂಸು ಅದು. ವಿಜ್ಞಾನ ಓದದ ಹುಡುಗರಿಗೂ ಕಂಪ್ಯೂಟರ್ ಸಿಗಬೇಕು ಅನ್ನೋದು ಅವರ ಹಟ. ದೊಡ್ಡ ವಿದ್ವಾಂಸರಿಗೆ ಇದು ಅಷ್ಟು ಹಿಡಿಸಲಿಲ್ಲ. ಬೇಸಿಕ್ ಕಲಿತವರ ತಲೆ ಮತ್ತೆ ರಿಪೇರಿ ಆಗೋದಿಲ್ಲ ಅನ್ನೋ ಅರ್ಥದಲ್ಲಿ ಡೈಕ್‌ಸ್ಟ್ರಾ 1975ರಲ್ಲಿ ಬರೆದರು. ಅವರು ಹೇಳಿದ್ದು ನಿಜ ಇದ್ದರೂ ಇರಬಹುದು. ಆದರೆ ನಮ್ಮಂಥವರಿಗೆ ಸಿಕ್ಕ ಮೊದಲ ಬಾಗಿಲು ಅದೊಂದೇ.

ಭಾರತದ ಶಾಲೆಗಳಿಗೂ ಕಂಪ್ಯೂಟರ್ ಬಂದಿದ್ದು ಬೇಸಿಕ್ ಜೊತೆಗೇ. 1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಅನ್ನೋ ಯೋಜನೆ ಶುರುಮಾಡಿ, 250 ಶಾಲೆಗಳಿಗೆ ಬ್ರಿಟನ್ನಿನ ಆಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋಗಳನ್ನು ಕೊಟ್ಟಿತು. 32 ಕೆಬಿ ನೆನಪು ಅದಕ್ಕೆ. ಈಗ ನಿಮ್ಮ ವಾಟ್ಸಾಪಿಗೆ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಅದರಲ್ಲಿ ಹಿಡಿಸಲ್ಲ. ಸ್ವಿಚ್ ಹಾಕಿದರೆ ಸಾಕು, ಬೇಸಿಕ್ ಎದುರಿಗೆ ಬಂದು ಕೂರ್ತಿತ್ತು. ಕರ್ನಾಟಕದಲ್ಲಿ 'ಮಾಹಿತಿ ಸಿಂಧು' ಯೋಜನೆ ಸರ್ಕಾರಿ ಪ್ರೌಢಶಾಲೆಗಳ ಕಡೆ ಹರಿದಿದ್ದು 2001-02ರಲ್ಲಿ. ನಾವು ಅಷ್ಟು ಕಾಯಲಿಲ್ಲ. ಒಂಬತ್ತನೇ ಕ್ಲಾಸು ಮುಗಿಸಿ, ಮನೆಯಲ್ಲಿ ಕಾಡಿ ಬೇಡಿ ಫೀಸು ಕಟ್ಟಿಸಿಕೊಂಡು ದಿನಾ ಬಸ್ಸು ಹತ್ತಿದ್ವಿ.

ಸೆಂಟರಿನಲ್ಲಿ ಒಂದು ಫ್ಲಾಪಿ ಇತ್ತು. ಮೇಲೆ ಪೆನ್ನಿನಲ್ಲಿ 'ಅಡ್ವೆಂಚರ್' ಅಂತ ಬರೆದಿತ್ತು. ಹಾಕಿದರೆ ಚಿತ್ರ ಇಲ್ಲ, ಸದ್ದಿಲ್ಲ, ಬರೀ ಅಕ್ಷರ. ನೀವು ಎಲ್ಲಿದ್ದೀರಿ ಅಂತ ಅದು ಹೇಳುತ್ತೆ, ಏನು ಮಾಡಬೇಕು ಅಂತ ನೀವು ಟೈಪ್ ಮಾಡಬೇಕು. ಗುಹೆಯೊಳಗೆ ದೀಪ ಇಲ್ಲದೆ ಓಡಾಡಿದರೆ ಗುಂಡಿಗೆ ಬಿದ್ದು ಸಾಯ್ತೀರಿ. ಅಷ್ಟೇ ಆಟ. ನಾವಿಬ್ಬರೂ ಅದರೊಳಗೆ ಬಿದ್ದವರು ಎದ್ದೇ ಇಲ್ಲ.

ಅದರ ಚರಿತ್ರೆ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಬರೆದವನು ವಿಲ್ ಕ್ರೌದರ್. ಇಂಟರ್ನೆಟ್ಟಿನ ಅಜ್ಜ ಅರ್ಪಾನೆಟ್ಟಿಗೆ ಪ್ರೋಗ್ರಾಂ ಬರೆದವರಲ್ಲಿ ಒಬ್ಬ. ಅವನೂ ಅವನ ಹೆಂಡತಿಯೂ ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ಹಗ್ಗ ಹಿಡಿದು ತೆವಳಿ ನಕ್ಷೆ ಬರೆಯುತ್ತಿದ್ದವರು. 1975ರ ಹೊತ್ತಿಗೆ ಸಂಸಾರ ಮುರಿಯಿತು. ಹೆಣ್ಣುಮಕ್ಕಳು ದೂರವಾದರು. ಆ ಮಕ್ಕಳಿಗೆ ಆಡೋಕೆ ಅಂತ, ತಾನು ಕಂಡಿದ್ದ ಗುಹೆಯನ್ನೇ ಅವನು ಮಾತಿನಲ್ಲಿ ಕಟ್ಟಿದ. 1977ರಲ್ಲಿ ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ ಅದನ್ನು ಹಿಗ್ಗಿಸಿ ಲೋಕಕ್ಕೆ ಕೊಟ್ಟ. ಮಾರನೇ ವರ್ಷ ಸ್ಕಾಟ್ ಆಡಮ್ಸ್ ಇಂಥದ್ದೇ ಆಟವನ್ನು ಬೇಸಿಕ್‌ನಲ್ಲಿ ಬರೆದು, ಮನೆಯ ಪುಟ್ಟ ಕಂಪ್ಯೂಟರಿನಲ್ಲೂ ಆಡಬಹುದು ಅಂತ ತೋರಿಸಿದ. ಕ್ರೌದರನ ಮೂಲ ಪ್ರೋಗ್ರಾಂ ಕಳೆದೇ ಹೋಯ್ತು ಅಂತ ಎಲ್ಲರೂ ಅಂದುಕೊಂಡಿದ್ದರು. ಡೆನ್ನಿಸ್ ಜೆರ್ಜ್ ಅನ್ನೋ ಮೇಷ್ಟ್ರು ಅದನ್ನು ಹುಡುಕಿಸಿ ತೆಗೆದು, ಗುಹೆಗೂ ಇಳಿದು ಹೋಲಿಸಿ ನೋಡಿ, 2007ರಲ್ಲಿ ಬರೆದರು: ಆಟದ ಗುಹೆ ಬಹುಪಾಲು ನಿಜದ ಗುಹೆಯೇ.

ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಆದರೆ ಗುಹೆ ಗೊತ್ತಿತ್ತು. ಚಿತ್ರದುರ್ಗದ ಹುಡುಗರಿಗೆ ಗುಹೆ ಅಂದ್ರೆ ಚಂದ್ರವಳ್ಳಿ. ಕದಂಬರ ಮಯೂರಶರ್ಮ ಕೆರೆಯ ಬಗ್ಗೆ ಬಂಡೆಗೆ ಬರೆಸಿದ್ದು ಅಲ್ಲೇ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದು ನೋಡಿದ್ದೂ ಅಲ್ಲೇ. ಅಲ್ಲಿನ ಅಂಕಲಿ ಮಠದ ನೆಲದಡಿಯ ಕೋಣೆಗಳಿಗೆ ಸ್ಕೂಲ್ ಟ್ರಿಪ್ಪಿನಲ್ಲಿ ಇಳಿದಿದ್ವಿ. ಮೆಟ್ಟಿಲು, ಕೋಣೆ, ಮತ್ತೆ ಮೆಟ್ಟಿಲು. ಗೈಡ್ ಬ್ಯಾಟರಿ ಆರಿಸಿದಾಗ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ ಕತ್ತಲೆ.

"ನಮ್ದೇ ಒಂದು ಗುಹೆ ಮಾಡೋಣ ಬಾರಲೇ" ಅಂದವನು ಗೆಳೆಯ. ಅವನಿಗೆ ಇಂಗ್ಲಿಷ್ ಆಗ್ತಿರಲಿಲ್ಲ. ಅಡ್ವೆಂಚರ್ ಆಡುವಾಗ ನಾನು ಓದಿ ಅರ್ಥ ಹೇಳಬೇಕಿತ್ತು, ನಕ್ಷೆ ಪೂರ್ತಿ ಅವನದ್ದು. ಅವರಪ್ಪನ ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಇಪ್ಪತ್ತಾರು ಕೋಣೆಯ ಚಂದ್ರವಳ್ಳಿ ಬರೆದ. ಅರ್ಧ ನೋಡಿದ್ದು, ಅರ್ಧ ಕನಸು. ನಾನು ಅದನ್ನು ಜಿಡಬ್ಲ್ಯೂ-ಬೇಸಿಕ್‌ಗೆ ಇಳಿಸಿದೆ. 10, 20, 30 ಅಂತ ಸಾಲು, ಕೋಣೆಯಿಂದ ಕೋಣೆಗೆ ಗೋಟು.

ಆಟ ಕನ್ನಡದಲ್ಲೇ ಇರಬೇಕು ಅನ್ನೋದು ಅವನ ಷರತ್ತು. ಡಾಸ್‌ನಲ್ಲಿ ಕನ್ನಡ ಅಕ್ಷರ ತೋರಿಸೋ ಜಿಸ್ಟ್ ಕಾರ್ಡ್ ಅನ್ನೋದೊಂದು ಇತ್ತು, ನಮ್ಮ ಸೆಂಟರಿನಲ್ಲಿ ಇರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದ್ವಿ. ಆಗ ನಿಜವಾದ ತೊಂದರೆ ಶುರುವಾಯ್ತು. ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು: 'ಗೆಟ್ ಲ್ಯಾಂಪ್'. ನಮ್ಮಲ್ಲಿ ಕೊನೆಗೆ: 'ದೀಪ ತಗೋ'. ಹಾಗಾಗಿ ಪ್ರೋಗ್ರಾಂ ಕೊನೆಯ ಪದದಿಂದ ಓದಬೇಕು. ಅದಾಯ್ತು. ಆದರೆ ಆಡುವವರು ದೀಪ ಅಂತಾರೆ, ದೀಪಾನ ಅಂತಾರೆ, ದೀಪವನ್ನು ಅಂತಾರೆ. ಹಚ್ಚು, ಹಚ್ಚೋ, ಹಚ್ಚಲೇ. ಎಷ್ಟೂ ಅಂತ ಬರೆಯೋದು? ನಾನು ಎರಡು ದಿನ ಪಟ್ಟಿ ಮಾಡ್ತಾ ಕೂತೆ.

ಗೆಳೆಯ ನೋಡಿ ನೋಡಿ ಹೇಳಿದ: "ಬುಡ ನೋಡು, ಬಾಲ ಬಿಡು. ಐದಕ್ಷರ ಸಾಕು." ಇಂಗ್ಲಿಷಿನಲ್ಲಿ ಬರೆದರೆ 'ದೀಪ'ಕ್ಕೆ ಸರಿಯಾಗಿ ಐದಕ್ಷರ. ಹಿಂದೆ ಏನು ಬಾಲ ಬಂದರೂ ಬುಡ ಅದೇ. 'ಹಚ್ಚು'ವಿಗೂ ಹಾಗೇ. 'ಲೆಫ್ಟ್ ಡಾಲರ್' ಅನ್ನೋ ಒಂದೇ ಆಜ್ಞೆಯಲ್ಲಿ ಕೆಲಸ ಮುಗೀತು.

ಆಮೇಲೆ ಕ್ರೌದರನ ಬಗ್ಗೆ ಓದುವಾಗ ಮೈ ಜುಂ ಅಂತು. ಅವನ ಆಟವೂ ಪದದ ಮೊದಲ ಐದಕ್ಷರವನ್ನಷ್ಟೇ ನೋಡುತ್ತಿತ್ತು. ಕಾರಣ ಮಾತ್ರ ಬೇರೆ. ಅವನ ಪಿಡಿಪಿ-10 ಯಂತ್ರದಲ್ಲಿ ನೆನಪಿನ ಒಂದು ಮನೆಗೆ 36 ಬಿಟ್, ಅಕ್ಷರಕ್ಕೆ 7 ಬಿಟ್. ಐದಕ್ಕಿಂತ ಜಾಸ್ತಿ ಹಿಡಿಸುತ್ತಿರಲಿಲ್ಲ. ಅವನನ್ನು ಅಲ್ಲಿಗೆ ತಂದಿದ್ದು ಯಂತ್ರ, ನನ್ನ ಗೆಳೆಯನನ್ನು ತಂದಿದ್ದು ಕನ್ನಡದ ವಿಭಕ್ತಿ. ವ್ಯಾಕರಣದ ಪೀರಿಯಡ್ಡಿನಲ್ಲಿ ಅವನು ಒಂದು ದಿನ ಉತ್ತರ ಹೇಳಿದವನಲ್ಲ.

2002ರ ಎಸ್ಸೆಸ್ಸೆಲ್ಸಿಯಲ್ಲಿ ಗೆಳೆಯ ಇಂಗ್ಲಿಷಿನಲ್ಲಿ ಫೇಲಾದ. ಗಣಿತದಲ್ಲಿ ಅವನಿಗೆ ನನಗಿಂತ ಜಾಸ್ತಿ ಬಂದಿತ್ತು. ಒಂದು ಸಲ ಮತ್ತೆ ಕಟ್ಟಿದ, ಆಗಲಿಲ್ಲ. ಅಪ್ಪನ ಜೊತೆ ತೋಟ, ಚೇಣಿ ಅಂತ ಇಳಿದ. ನಾನು ಪಿಯುಸಿ, ಬಿಇ, ಬೆಂಗಳೂರು. ನಾನು ಹೊರಡೋ ದಿನ ಫ್ಲಾಪಿ ನನಗೆ ಕೊಟ್ಟ. ಅದಕ್ಕೆ ಹಾಸ್ಟೆಲಿನ ಟ್ರಂಕಿನಲ್ಲಿ ಬೂಸ್ಟು ಹಿಡಿದು ಓದದ ಹಾಗಾಯ್ತು. ಇದನ್ನು ಅವನಿಗೆ ಹೇಳೋಕೆ ನನಗೆ ಹದಿನೈದು ವರ್ಷ ಬೇಕಾಯ್ತು.

ಕಳೆದ ದೀಪಾವಳಿಗೆ ಊರಿಗೆ ಹೋಗೋ ಮುಂಚೆ ಆ ಆಟವನ್ನು ಮತ್ತೆ ಬರೆದೆ. ನೆನಪಿದ್ದಷ್ಟು ಕೋಣೆ, ಫೋನಿನಲ್ಲೇ ಆಡೋ ಹಾಗೆ, ಈ ಸಲ ಕನ್ನಡ ಅಕ್ಷರದಲ್ಲೇ. ಹದಿನಾಲ್ಕು ವರ್ಷದ ಅನುಭವದ ಇಂಜಿನಿಯರ್ ನಾನು, ಪದಗಳ ದೊಡ್ಡ ನಿಘಂಟು ಮಾಡಿ ಚೊಕ್ಕಟವಾಗಿ ಬರೆದಿದ್ದೆ. ಅಡಿಕೆ ಬೇಯಿಸೋ ಹಂಡೆ ಪಕ್ಕ ಕೂತಿದ್ದವನ ಕೈಗೆ ಫೋನ್ ಕೊಟ್ಟೆ. ಕೈ ಒರೆಸಿಕೊಂಡು ಟೈಪ್ ಮಾಡಿದ: 'ದೀಪ ಹಚ್ಚಲೇ'.

ಅರ್ಥವಾಗಲಿಲ್ಲ ಅಂತು ಪ್ರೋಗ್ರಾಂ.

ಅವನು ಫೋನ್ ನನ್ನ ಕಡೆ ಚಾಚಿ ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಹೇಳಿದ: "ಬಾಲ ಬಿಡು ಅಂತ ಆವತ್ತೇ ಹೇಳಿರ್ಲಿಲ್ವೇನಲೇ?"

ಹಂಡೆ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆಗೆದು ಕೂತೆ. ಅವನು ಹೇಳ್ತಾ ಹೋದ, ನಾನು ತಿದ್ದುತ್ತಾ ಹೋದೆ. ಲೆಕ್ಕದ ಪುಸ್ತಕ ಇನ್ನೂ ಅಟ್ಟದ ಮೇಲೆ ಇದೆಯಂತೆ. ನಾನು ಮರೆತಿದ್ದ ಒಂಬತ್ತು ಕೋಣೆಗಳೂ ಅದರಲ್ಲಿವೆ.