ಡೀಡಿಫರೆನ್ಷಿಯೇಟೆಡ್ ಕಾಂಡ್ರೋಸಾರ್ಕೋಮಾ

ಒಂದೇ ಗಡ್ಡೆಯೊಳಗೆ ಎರಡು ಸ್ವಭಾವದ ಜೀವಕೋಶಗಳು ಅಕ್ಕಪಕ್ಕ ಬೆಳೆಯುವ ಅಪರೂಪದ ಮೂಳೆ ಕ್ಯಾನ್ಸರ್. ಒಂದು ಭಾಗ ನಿಧಾನವಾಗಿ ಬೆಳೆಯುವ ಮೃದ್ವಸ್ಥಿ ಗಡ್ಡೆ. ಇನ್ನೊಂದು, ಮೃದ್ವಸ್ಥಿಯ ಗುರುತೇ ಉಳಿಯದ ಉಗ್ರ ಸಾರ್ಕೋಮಾ. ಹೆಚ್ಚಾಗಿ 50 ದಾಟಿದವರ ತೊಡೆಮೂಳೆ ಮತ್ತು ಸೊಂಟದ ಮೂಳೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕಾಂಡ್ರೋಸಾರ್ಕೋಮಾಗಳಲ್ಲಿ, ಅಂದರೆ ಮೃದ್ವಸ್ಥಿಯ ಕ್ಯಾನ್ಸರ್‌ಗಳಲ್ಲಿ, ಸುಮಾರು ಶೇ. 10ರಷ್ಟು ಈ ಬಗೆಯವು.

ಮೃದ್ವಸ್ಥಿಯ ಕ್ಯಾನ್ಸರಿನ ಸೂಕ್ಷ್ಮದರ್ಶಕ ಲಕ್ಷಣಗಳನ್ನು ಹೆನ್ರಿ ಜಾಫೆ ಮತ್ತು ಲೂಯಿ ಲಿಕ್ಟೆನ್‌ಸ್ಟೈನ್ 1943ರಲ್ಲಿ ವಿವರವಾಗಿ ನಿರೂಪಿಸಿದ್ದರು. ಆದರೂ ಸೌಮ್ಯವಾಗಿ ಕಾಣುವ ಕೆಲವು ಗಡ್ಡೆಗಳು ರೋಗಿಯನ್ನು ಬೇಗನೆ ಬಲಿ ತೆಗೆದುಕೊಳ್ಳುವುದೇಕೆ ಎಂಬ ಪ್ರಶ್ನೆ ಉಳಿದಿತ್ತು. 1971ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಪೆಥಾಲಜಿಸ್ಟ್ ಡೇವಿಡ್ ಡೇಲಿನ್ ಮತ್ತು ರೇಡಿಯಾಲಜಿಸ್ಟ್ ಜಾನ್ ಬೀಬೌಟ್ ಇಂಥ ಗಡ್ಡೆಗಳನ್ನು ಪ್ರತ್ಯೇಕ ಬಗೆಯಾಗಿ ಗುರುತಿಸಿದರು. ಸ್ಲೈಡಿನಲ್ಲಿ ನೀಲಿ ಛಾಯೆಯ ಮೃದ್ವಸ್ಥಿಯ ಗಂಟುಗಳು ಗೆರೆ ಎಳೆದಂತೆ ಥಟ್ಟನೆ ನಿಲ್ಲುತ್ತವೆ. ಅದರಾಚೆ ಕದಿರಿನಾಕಾರದ, ಅಂಕೆಯಿಲ್ಲದ ಕೋಶಗಳ ದಟ್ಟಣೆ. ಎರಡರ ನಡುವೆ ಹಂತಹಂತದ ಬದಲಾವಣೆ ಇಲ್ಲದಿರುವುದೇ ಮುಖ್ಯ ಲಕ್ಷಣ.

ಪಕ್ವವಾದ ಮೃದ್ವಸ್ಥಿ ಕೋಶವೇ ಹಿಂದಕ್ಕೆ ಮರಳಿ ಉಗ್ರರೂಪ ತಾಳುತ್ತದೆಂಬುದು ಮೊದಲ ವಿವರಣೆ. ಎರಡೂ ಒಂದೇ ಮೂಲಕೋಶದಿಂದ ಬೇಗನೆ ಕವಲೊಡೆದವು ಎಂಬ ವಾದವೂ ಬಂತು. ವಂಶವಾಹಿ ಅಧ್ಯಯನಗಳು ಸಮಾನ ಮೂಲವನ್ನು ಖಚಿತಪಡಿಸಿವೆ. 2011ರಲ್ಲಿ ಮೃದ್ವಸ್ಥಿ ಗಡ್ಡೆಗಳಲ್ಲಿ ಐಡಿಎಚ್1, ಐಡಿಎಚ್2 ವಂಶವಾಹಿಗಳ ರೂಪಾಂತರ ಪತ್ತೆಯಾದದ್ದು ದೊಡ್ಡ ನೆರವು. ಅದೇ ರೂಪಾಂತರ ಎರಡೂ ಭಾಗಗಳಲ್ಲಿ ಇರಬಲ್ಲದು.

ನಿಜವಾದ ಕಷ್ಟ ಬಯಾಪ್ಸಿಯದು. ಸೂಜಿ ಮೃದ್ವಸ್ಥಿಯನ್ನಷ್ಟೇ ತಂದರೆ ರೋಗ ಸೌಮ್ಯವೆಂದು ವರದಿಯಾಗುತ್ತದೆ. ಉಗ್ರ ಭಾಗವನ್ನಷ್ಟೇ ತಂದರೆ ಆಸ್ಟಿಯೋಸಾರ್ಕೋಮಾ (ಮೂಳೆ ಪದಾರ್ಥ ರಚಿಸುವ ಕ್ಯಾನ್ಸರ್) ಎಂದು ತೋರಬಹುದು. ಉಗ್ರ ಭಾಗದ ಕೋಶಗಳು ಮೂಳೆಯ ಪದಾರ್ಥ ಸ್ರವಿಸಬಹುದು, ಸ್ನಾಯುವಿನ ಲಕ್ಷಣ ತೋರಬಹುದು. ಅಪರೂಪಕ್ಕೆ ಕೆರಾಟಿನ್ (ಹೊದಿಕೆ ಅಂಗಾಂಶದ ಪ್ರೋಟೀನ್) ಪರೀಕ್ಷೆಯಲ್ಲಿ ಬಣ್ಣ ಹಿಡಿದರೆ, ಬೇರೆ ಅಂಗದಿಂದ ಹರಡಿದ ಕ್ಯಾನ್ಸರ್ ಎಂದೇ ಭಾವಿಸುವ ಅಪಾಯವಿದೆ, ಹಿರಿಯರಲ್ಲಂತೂ ಹೆಚ್ಚು. ಐಡಿಎಚ್ ರೂಪಾಂತರ ಸಿಕ್ಕರೆ ದಾರಿ ತಿಳಿಯಾಗುತ್ತದೆ. ಸಿಗದಿದ್ದ ಮಾತ್ರಕ್ಕೆ ರೋಗವನ್ನು ಅಲ್ಲಗಳೆಯುವಂತಿಲ್ಲ.

ಎಕ್ಸ್‌ರೇ ಅಥವಾ ಸಿಟಿಯಲ್ಲಿ ಸುಣ್ಣಗಟ್ಟಿದ ಚುಕ್ಕೆಗಳ ಪಕ್ಕದಲ್ಲೇ ಮೂಳೆ ಕರಗಿದ ಜಾಗ ಕಂಡರೆ, ಸೂಜಿ ಹೋಗಬೇಕಾದದ್ದು ಆ ಕರಗಿದ ಜಾಗಕ್ಕೆ. ಐದು ವರ್ಷ ಬದುಕುವವರ ಸಂಖ್ಯೆ ಇಂದಿಗೂ ತೀರಾ ಕಡಿಮೆ ಇರುವ ಈ ರೋಗದಲ್ಲಿ, ಸ್ಲೈಡನ್ನು ಸ್ಕ್ಯಾನಿನೊಂದಿಗೆ ಇಟ್ಟು ನೋಡದೆ ವರದಿ ಬರೆಯಬಾರದು.