ಕ್ಲೀನರನ ಪಾಠಶಾಲೆ

ಮೋಟೆಬೆನ್ನೂರು ಎಂದೊಡನೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವವರು ಮೈಲಾರ ಮಹಾದೇವಪ್ಪನವರು. 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದುಹೋದ ಆ ವೀರರು ಹುಟ್ಟಿದ್ದು ಇಲ್ಲಿ. ನಡಿಗೆಗೆ ಹೆಸರಾದ ಇದೇ ಊರಿನ ಬದಿಯಲ್ಲಿ ಇಂದು ಹಗಲಿರುಳೂ ಲಾರಿಗಳು ಓಡುತ್ತವೆ. ಪುಣೆ–ಬೆಂಗಳೂರು ರಸ್ತೆಯಿದು, ಹಿಂದೆ 4ನೆಯ ನಂಬರಿನ ಹೆದ್ದಾರಿ, ಈಗ 48.

ಒಂದು ಸಂಜೆ ಇಲ್ಲಿಯ ಚಹದಂಗಡಿಯಲ್ಲಿ ಕೂತು, ಬ್ಯಾಡಗಿಯ ಮೆಣಸಿನಕಾಯಿ ಚೀಲ ಹೇರಿಕೊಂಡ ಲಾರಿಗಳನ್ನು ನೋಡುತ್ತಿದ್ದೆ. ರಸ್ತೆಗೆ ಇತಿಹಾಸವುಂಟು, ಲಾರಿಗೂ ಉಂಟು. ಅದನ್ನು ನಡೆಸುವ ವಿದ್ಯೆಯ ಇತಿಹಾಸವನ್ನು ಬರೆದವರು ವಿರಳವೆನಿಸಿತು.

1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾ–ಮರ್ಸಿಡಿಸ್ ಲಾರಿಗಳ ತಯಾರಿಕೆ ಮೊದಲಾಯಿತು. ಲಾರಿಗಳು ಹೆಚ್ಚಿದವು, ಚಾಲಕರನ್ನು ಕಲಿಸುವ ಶಾಲೆಗಳು ಆ ವೇಗದಲ್ಲಿ ಹೆಚ್ಚಲಿಲ್ಲ. ಆ ಕೊರತೆಯನ್ನು ತುಂಬಿದವನು ಕ್ಲೀನರ್. ಗಾಜು ಒರೆಸುವುದು, ಏರಿನಲ್ಲಿ ಗಾಲಿಗೆ ಅಡೆಗಲ್ಲು ಕೊಡುವುದು, ಹಿಂದೆ ನೋಡಿ ಕೂಗುವುದು ಅವನ ಮೊದಲ ಪಾಠಗಳು. ಹಳೆಯ ಗೇರುಪೆಟ್ಟಿಗೆಗೆ ಎರಡು ಸಲ ಕ್ಲಚ್ ಒತ್ತಬೇಕಾಗಿತ್ತು. ಅದರ ಹದವನ್ನು ಅವನು ಇಂಜಿನ್ನಿನ ದನಿ ಕೇಳಿಯೇ ಅರಿಯುತ್ತಿದ್ದ. ‘ಏರಿದ ಗೇರಿನಲ್ಲೇ ಇಳಿ’ ಎಂಬುದು ಘಟ್ಟದ ಸೂತ್ರ. ಬರೀ ಬ್ರೇಕನ್ನೇ ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ. ಕೆಳಗಿನ ಗೇರಿನಲ್ಲಿ ಇಂಜಿನ್ನೇ ಭಾರವನ್ನು ತಡೆಯುತ್ತದೆ.

ಆದರೆ ಈ ಗುರುಕುಲವನ್ನು ಬರಿದೇ ಹೊಗಳಲಾರೆ. ಗುರುವಿನ ಗುಣದೊಡನೆ ದೋಷವೂ ಶಿಷ್ಯನಿಗೆ ಇಳಿಯುತ್ತಿತ್ತು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಗೇರು ತಪ್ಪಿಸಿ ಬಿಡುವುದು, ನಿದ್ದೆಯನ್ನು ಚಹದಿಂದ ಗೆಲ್ಲಹೊರಡುವುದು, ಇವೂ ಅಲ್ಲಿಯ ಪಾಠಗಳೇ.

ಸರಕಾರ ಸುಮ್ಮನಿರಲಿಲ್ಲ. 1939ರ ಮೋಟಾರು ವಾಹನ ಕಾಯಿದೆ ಲಾರಿಯನ್ನು ಒಂದೇ ಸಮನೆ 5 ಗಂಟೆ ನಡೆಸಿದವನಿಗೆ ಅರ್ಧ ಗಂಟೆಯ ವಿಶ್ರಾಂತಿ ಬೇಕೆಂದಿತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯನ್ನಿಟ್ಟಿತು. ಆದರೆ ನಡುರಾತ್ರಿಯ ಹೆದ್ದಾರಿಯಲ್ಲಿ ಗಡಿಯಾರ ನೋಡುವವರಾರು? 2021ರ ನಿಯಮಗಳು ಮಾನ್ಯತೆ ಪಡೆದ ಶಾಲೆಗಳಲ್ಲಿ ಭಾರೀ ವಾಹನದ ಶಿಕ್ಷಣಕ್ಕೆ 6 ವಾರಗಳಲ್ಲಿ 38 ಗಂಟೆಗಳನ್ನು ಗೊತ್ತುಪಡಿಸಿದವು. ಅದರಲ್ಲಿ 8 ಗಂಟೆ ಪಾಠ, ಉಳಿದದ್ದು ಅಭ್ಯಾಸ.

ಹೀಗೆ ಶಾಲೆ ಬಂತು. ಇತ್ತ ಕ್ಲೀನರನ ಆಸನ ಬರಿದಾಗುತ್ತಿದೆ. ಚಹ ಕುಡಿದ ಆ ಸಂಜೆ ನನ್ನ ಮುಂದೆ ನಿಂತ ಲಾರಿಗಳಲ್ಲಿ ಬಹಳಷ್ಟರಲ್ಲಿ ಒಬ್ಬನೇ ಆಳು. ಸೂತ್ರದ ಕಾರಣವನ್ನು ಶಾಲೆ ಹೇಳಿಕೊಟ್ಟೀತು. ಅದನ್ನು ಕೈಗೂ ಕಿವಿಗೂ ಇಳಿಸಲು ಪಕ್ಕದಲ್ಲಿ ಅನುಭವಸ್ಥನೊಬ್ಬ ಕೆಲ ತಿಂಗಳಾದರೂ ಕೂಡಬೇಕು. ಆ ಸಂಬಳ ದುಂದುವೆಚ್ಚವೆಂದು ಮಾಲೀಕರಿಗೆ ತೋರಬಹುದು. ಮನೆಯಲ್ಲಿ ದಾರಿ ಕಾಯುವವರನ್ನು ಕೇಳಿದರೆ ಲೆಕ್ಕ ಬೇರೆಯಾದೀತು.

ನಾನು ಏಳುವ ಹೊತ್ತಿಗೆ ಒಬ್ಬ ತರುಣ ಚಾಲಕ ಮುಖ ತೊಳೆದು ಮತ್ತೆ ಲಾರಿ ಹತ್ತಿದ. ಪಕ್ಕದ ಆಸನದಲ್ಲಿ ಅವನ ಊಟದ ಡಬ್ಬಿ ಮಾತ್ರವಿತ್ತು.